ಬೆನ್ನ ಮೇಲಿನ ನಂಬರು

ಮಣ್ಣಿನ ಕೆಲಸ ಮಾಡುವವರಿಗೆ ತಾಳ್ಮೆ ಜಾಸ್ತಿ ಎಂಬುದು, ಒಂದು ದಿನವೂ ಕೈಗೆ ಮಣ್ಣು ಮೆತ್ತಿಕೊಳ್ಳದ ಯಾರೋ ಹಬ್ಬಿಸಿದ ಸುಳ್ಳು. ಚಕ್ರದ ಮೇಲೆ ಚೆಂದಾಗಿ ಎದ್ದು ನಿಂತ ಬಟ್ಟಲು ಕಣ್ಣೆದುರೇ ಕುಸಿದು ಕೊಳೆತ ಕುಂಬಳಕಾಯಿಯ ಹಾಗೆ ಕೂತುಬಿಟ್ಟರೆ ಎಂಥ ಸಾಧುವಿನ ಬಾಯಲ್ಲೂ ಒಳ್ಳೆಯ ಮಾತು ಬರುವುದಿಲ್ಲ. ಬೀದಿಯ ಕೊನೆಯ ಮನೆಯ ಹೆಂಗಸಂತೂ ತನಗೆ ತಾಳ್ಮೆ ಇದೆ ಎಂದು ಯಾರ ಮುಂದೆಯೂ ನಟಿಸಿದವಳಲ್ಲ. ಬೀದಿಯವರು ಅವಳ ಬೆನ್ನ ಹಿಂದೆ ಕೆಂಡಮ್ಮ ಎನ್ನುತ್ತಿದ್ದರು. ಹಿತ್ತಲಲ್ಲಿ ಮಣ್ಣಿನ ಪಾತ್ರೆ ಸುಡುವ ಗೂಡು ಇದೆಯಲ್ಲ, ಅದಕ್ಕೇ ಆ ಹೆಸರು ಎಂದು ಹೊಸದಾಗಿ ಬಾಡಿಗೆಗೆ ಬಂದವರು ಅಂದುಕೊಳ್ಳುತ್ತಿದ್ದರು. ಹಳಬರು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಒಣಗಲು ಇಟ್ಟ ಲೋಟವನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಲಿ, ತಾವಾಗಿಯೇ ತಿಳಿದುಕೊಳ್ಳುತ್ತಾರೆ ಎಂದು ಬಿಟ್ಟುಬಿಡುತ್ತಿದ್ದರು.

ಹತ್ತೊಂಬತ್ತನೆಯ ವಯಸ್ಸಿಗೆ ಅವಳು ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿ, ಹಿಡಿ, ಹಿಡಿ. ಕನಸಿನಲ್ಲಿ ಜನರ ಕಿವಿಗಳೂ ಅವಳಿಗೆ ಸೊಟ್ಟಗೆ ಅಂಟಿಸಿದ ಹಾಗೆ ಕಾಣುತ್ತಿದ್ದವು. ಅಲ್ಲಿ ಮೇಲ್ವಿಚಾರಣೆಗೆ ಒಬ್ಬ ವಯಸ್ಸಾದ ಹೆಂಗಸಿದ್ದಳು. ಎಲ್ಲರೂ ಅವಳನ್ನು ಹಿರಿಯಕ್ಕ ಎನ್ನುತ್ತಿದ್ದರು. ಕಾರ್ಖಾನೆಗೆ ಬೀಗ ಬಿದ್ದಾಗ ಹಿರಿಯಕ್ಕ ತನ್ನ ಮನೆಯಲ್ಲಿದ್ದ ಚಕ್ರವನ್ನು ಹೊರಗೆಳೆದು ಈ ಹುಡುಗಿಯನ್ನು ಅದರ ಮುಂದೆ ಕೂರಿಸಿದಳು. ಕಲಿಸಿದ್ದು ಕಡಿಮೆ, ಬೈದದ್ದು ಜಾಸ್ತಿ. ಆದರೆ ಸಾಯುವ ಮುಂಚೆ ಒಂದು ಮಾತು ಹೇಳಿದ್ದಳು.

“ಪ್ರತಿ ಸಲ ಗೂಡು ತುಂಬಿಸುವಾಗ ಒಂದು ಮೂಲೆಯಲ್ಲಿ ಅಂಗೈಯಗಲ ಜಾಗ ನಿಂಗೆ ಅಂತ ಬಿಟ್ಕೋ. ಅಲ್ಲಿ ಏನು ಬೇಕಾದ್ರೂ ಸುಡು. ಅದನ್ನ ಮಾತ್ರ ಯಾರಿಗೂ ಮಾರಬೇಡ. ಮಾರಿದ್ರೆ ನೀನು ಮತ್ತೆ ಹಿಡಿ ಅಂಟಿಸೋಳೇ ಆಗ್ತೀಯ.”

ಅವಳು ಆ ಮಾತನ್ನು ಹದಿನಾಲ್ಕು ವರ್ಷ ನಡೆಸಿಕೊಂಡು ಬಂದಿದ್ದಳು. ಸ್ವಂತ ಗೂಡು ಕಟ್ಟಿಸಿದ ದಿನದಿಂದ ಅದರ ಎಡಗಡೆಯ ಹಿಂದಿನ ಮೂಲೆ ಅವಳದು. ಅಲ್ಲಿ ಪ್ರತಿ ಸಲವೂ ಎರಡೋ ಮೂರೋ ಮಣ್ಣಿನ ಬಿಲ್ಲೆಗಳನ್ನು ಇಡುತ್ತಿದ್ದಳು. ಮೂರು ಬೆರಳು ಅಗಲ, ನಾಲ್ಕು ಬೆರಳು ಉದ್ದ, ಮೇಲೊಂದು ತೂತು. ಮುಂಬದಿಗೆ ತಾನು ಹೊಸದಾಗಿ ಬೆರೆಸಿದ ಮೆರುಗು, ಅಂದರೆ ಸುಟ್ಟಾಗ ಗಾಜಿನ ಹಾಗೆ ಕರಗಿ ಪಾತ್ರೆಗೆ ಬಣ್ಣವೂ ಹೊಳಪೂ ಕೊಡುವ ಲೇಪ. ಒಂದು ಸಲ ಹುಣಸೆ ಕಟ್ಟಿಗೆಯ ಬೂದಿ, ಇನ್ನೊಂದು ಸಲ ಮಾವಿನದು. ಒಂದು ಚಿಟಿಕೆ ತುಕ್ಕು ಹೆಚ್ಚು, ಅರ್ಧ ಚಮಚ ಸುಣ್ಣ ಕಡಿಮೆ. ಗೂಡಿನಿಂದ ಏನು ಬರುತ್ತದೆ ಎಂದು ಮೊದಲೇ ಯಾರಿಗೂ ಗೊತ್ತಾಗುವುದಿಲ್ಲ. ಹಸಿಯಾಗಿದ್ದಾಗಲೇ ಬಿಲ್ಲೆಯ ಬೆನ್ನಿಗೆ ಮೊಳೆಯಿಂದ ಆಳವಾಗಿ ಒಂದು ನಂಬರು ಗೀರುತ್ತಿದ್ದಳು. ಪುಸ್ತಕದಲ್ಲಿ ಅದೇ ನಂಬರಿನ ಎದುರಿಗೆ ಏನೇನು ಎಷ್ಟೆಷ್ಟು ಬೆರೆಸಿದ್ದು ಎಂಬ ಲೆಕ್ಕ. ಬಣ್ಣ ಹೇಗೆ ಬಂತು ಎಂದು ಮಾತ್ರ ಬರೆಯುತ್ತಿರಲಿಲ್ಲ. ಬಿಲ್ಲೆಯೇ ಎದುರಿಗೆ ಮೊಳೆಯಲ್ಲಿ ತೂಗುತ್ತಿರುವಾಗ ಬರೆಯುವುದೇಕೆ? ಹೀಗೆ ಆರುನೂರ ಹನ್ನೆರಡು ಬಿಲ್ಲೆ ಸೇರಿದ್ದವು. ಹಿತ್ತಲ ಕೋಣೆಯ ಹಲಗೆಯ ಮೇಲೆ ಸಾಲುಸಾಲಾಗಿ ಮೊಳೆಗೆ ನೇತುಬಿದ್ದು, ಬಾಗಿಲು ತೆರೆದಾಗಲೆಲ್ಲ ಗಾಳಿಗೆ ಕಿಣಿಕಿಣಿ ಅನ್ನುತ್ತಿದ್ದವು.

ಮೂರು ವರ್ಷದ ಹಿಂದೆ ಅವಳ ಗಂಡ ನಿವೃತ್ತರಾದರು. ಮೂವತ್ತಮೂರು ವರ್ಷ ಒಂದೇ ಕಚೇರಿ, ಒಂದೇ ಕುರ್ಚಿ. ಗುಮಾಸ್ತರು ಎಂದೇ ಬೀದಿಗೆಲ್ಲ ಪರಿಚಯ. ಮನೆಯಲ್ಲಿ ಕೂತು ಎರಡು ವಾರ ಪೇಪರು ಓದಿದರು. ಮೂರನೆಯ ವಾರ ಹೆಂಡತಿಯ ಹಿತ್ತಲಿಗೆ ಬಂದು ಸುತ್ತಲೂ ನೋಡಿ, ಇಲ್ಲಿ ಒಂದು ವ್ಯವಸ್ಥೆ ಇಲ್ಲ ಎಂದರು. ಅಲ್ಲಿಂದ ಶುರು.

ಸುಳ್ಳು ಹೇಳಬಾರದು, ಅವರು ಬಂದ ಮೇಲೆ ವ್ಯಾಪಾರ ಕುದುರಿತು. ಹುಲ್ಲು ತುಂಬಿ ಪೆಟ್ಟಿಗೆ ಕಟ್ಟುವುದನ್ನು ಅವರು ಎಷ್ಟು ಶಿಸ್ತಿನಿಂದ ಕಲಿತರೆಂದರೆ ದಾರಿಯಲ್ಲಿ ಒಡೆಯುವುದು ನಿಂತೇಹೋಯಿತು. ಪೇಟೆಯ ದೊಡ್ಡ ಅಂಗಡಿಯೊಂದರ ಒಡತಿಯನ್ನು ಹಿಡಿದರು. ಆ ಅಂಗಡಿಯಮ್ಮನಿಗೆ ಇಷ್ಟವಾದದ್ದು ಒಂದೇ, ನೀಲಿ ಅಂಚಿನ ಬಿಳಿ ಲೋಟ. ತಿಂಗಳಿಗೆ ಇನ್ನೂರು, ಆಮೇಲೆ ಮುನ್ನೂರು. ಎಲ್ಲ ಒಂದೇ ಎತ್ತರ, ಒಂದೇ ಅಂಚು, ಒಂದೇ ನೀಲಿ. ಗುಮಾಸ್ತರು ಪ್ರತಿ ಲೋಟಕ್ಕೂ ಅಳತೆಕೋಲು ಹಿಡಿಯುತ್ತಿದ್ದರು. ಅರ್ಧ ಬೆರಳು ಹೆಚ್ಚುಕಮ್ಮಿಯಾದರೆ ಪಕ್ಕಕ್ಕಿಟ್ಟು, ಇದು ಹೋಗುವುದಿಲ್ಲ ಎನ್ನುತ್ತಿದ್ದರು. ಅವಳು ಹಲ್ಲು ಕಡಿದುಕೊಂಡು ಇನ್ನೊಂದು ಮಾಡುತ್ತಿದ್ದಳು. ಒಂದು ದಿನ ಅವರು ಗೂಡಿನ ಎಡ ಮೂಲೆಯನ್ನು ತೋರಿಸಿ, ಅಲ್ಲಿ ಇನ್ನೂ ನಾಲ್ಕು ಲೋಟ ಹಿಡಿಸುತ್ತದಲ್ಲ ಎಂದರು. ಆ ದಿನ ಬೀದಿಯ ಅರ್ಧ ಜನಕ್ಕೆ ಅವಳ ದನಿ ಕೇಳಿಸಿತು. ಮೂಲೆ ಉಳಿಯಿತು.

ಆದರೆ ಮೂಲೆ ಉಳಿದರೆ ಸಾಕೇ? ಬಿಲ್ಲೆಗಳು ಬರಿಯ ಬೀಜ. ಯಾವತ್ತೋ ಒಂದು ದಿನ ಬಿತ್ತಲೆಂದು ಕೂಡಿಟ್ಟದ್ದು. ಆ ದಿನ ಯಾವಾಗ ಎಂದು ಅವಳು ಕೇಳುತ್ತಲೇ ಇದ್ದಳು, ಗುಮಾಸ್ತರು ಈ ಆರ್ಡರು ಒಂದು ಮುಗಿಯಲಿ ಎನ್ನುತ್ತಲೇ ಇದ್ದರು. ಕಡೆಗೆ ಈ ವರ್ಷ ಮಾತು ಕೊಟ್ಟರು. ದೊಡ್ಡ ಆರ್ಡರು ಕಳಿಸಿದ ಮೇಲೆ, ಮುಂದಿನದು ಶುರುವಾಗುವುದಕ್ಕೆ ಮುಂಚೆ ಹದಿನೈದು ದಿನ ಗೂಡು ಪೂರ್ತಿ ಅವಳದು. ಒಂದೂ ಲೋಟವಿಲ್ಲ.

ಆ ಹದಿನೈದು ದಿನ ಶುರುವಾಗುವ ಮುಂಚೆಯೇ ಅವಳು ಮೂವತ್ತೊಂದು ದೊಡ್ಡ ಬಟ್ಟಲುಗಳನ್ನು ಮಾಡಿಟ್ಟಳು. ಅಗಲ ಬಾಯಿ, ಸಣ್ಣ ತಳ, ಒಂದು ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿದ ಒಂದೇ ಒಂದು ಗುಳಿ. ಆ ಗುಳಿ ಎಲ್ಲಿ ಬೀಳಬೇಕು ಎಂದು ಎರಡು ವರ್ಷ ತಲೆಯಲ್ಲೇ ಒತ್ತಿ ನೋಡಿದ್ದಳು. ಮೆರುಗಿಲ್ಲದ ಮೊದಲ ಸುಡುವಿಕೆಯೂ ಮುಗಿದು ಬಟ್ಟಲುಗಳು ಮೆರುಗಿಗಾಗಿ ಕಾದು ಕೂತವು. ಯಾವ ಮೆರುಗು ಎಂಬುದರಲ್ಲೂ ಅನುಮಾನವಿರಲಿಲ್ಲ. ಹಲಗೆಯ ಮೇಲಿನ ಒಂದು ಬಿಲ್ಲೆ ಅವಳ ಕಣ್ಣಲ್ಲಿ ಎಷ್ಟೋ ದಿನದಿಂದ ಕೂತಿತ್ತು. ಅಕ್ಕಿ ತೊಳೆದ ನೀರಿನ ಬಣ್ಣ, ಅದರೊಳಗೆ ತುಕ್ಕಿನ ಸಣ್ಣ ಚುಕ್ಕೆ, ಅಂಚಿನಲ್ಲಿ ಹಸಿರಿನ ಒಂದು ಎಳೆ. ಅದನ್ನು ಮೊಳೆಯಿಂದ ತೆಗೆದು ಬೆನ್ನು ತಿರುಗಿಸಬೇಕು, ಅಷ್ಟರಲ್ಲಿ ಫೋನು ಬಂತು. ಬೇರೆ ಊರಲ್ಲಿದ್ದ ಅಕ್ಕನ ಕಣ್ಣಿನ ಪೊರೆ ತೆಗೆಯುವುದು ಗೊತ್ತುಮಾಡಿದ್ದ ದಿನಕ್ಕಿಂತ ಮುಂಚೆಯೇ ಬಂದಿದೆ, ನಾಳೆಯೇ ಅಂತೆ. ಬಿಲ್ಲೆಯನ್ನು ಅದರ ಮೊಳೆಗೇ ಹಾಕಿ, ಬಂದ ಮೇಲೆ ನೋಡಿದರಾಯಿತು ಎಂದು ಬಟ್ಟೆ ತುಂಬಿಕೊಂಡು ಹೊರಟಳು. ಆರುನೂರ ಹನ್ನೆರಡು ಸಲ ಜಾಗರೂಕಳಾಗಿದ್ದವಳು ಆ ಒಂದು ಸಲ ತಿರುಗಿಸಿ ನೋಡಲಿಲ್ಲ.

ಐದನೆಯ ದಿನ ವಾಪಸು ಬಂದಾಗ ಗುಮಾಸ್ತರು ಬಸ್ ನಿಲ್ದಾಣದಲ್ಲೇ ನಿಂತಿದ್ದರು. ಮದುವೆಯಾದಾಗಿನಿಂದ ಅವರು ಬಸ್ ನಿಲ್ದಾಣಕ್ಕೆ ಬಂದದ್ದು ಅದೇ ಎರಡನೆಯ ಸಲ. ಅವಳ ಚೀಲವನ್ನೂ ತಾವೇ ಹಿಡಿದರು. ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಮನೆಯ ಮುಂದಿನ ಕೋಣೆಯಲ್ಲಿ, ಲೋಟಗಳನ್ನು ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಜಾಗದಲ್ಲಿ, ಅಕ್ಕಪಕ್ಕದವರೆಲ್ಲ ಸೇರಿದ್ದರು. ನಾದಿನಿಯೂ ಬಂದಿದ್ದಳು. ಗೋಡೆಗೆ ಒಂದು ಹಳೆಯ ಬೆಡ್‌ಶೀಟು ಇಳಿಬಿಟ್ಟಿತ್ತು. ಗುಮಾಸ್ತರು ಹೊಸ ಟ್ಯೂಬ್‌ಲೈಟಿನ ಸ್ವಿಚ್ಚು ಹಾಕಿ ಬೆಡ್‌ಶೀಟನ್ನು ಎಳೆದರು.

ಆರಡಿ ಅಗಲ, ನಾಲ್ಕಡಿ ಎತ್ತರ. ಅವಳ ಆರುನೂರ ಹನ್ನೆರಡು ಬಿಲ್ಲೆಗಳು ಸಿಮೆಂಟಿನಲ್ಲಿ ಕೂತಿದ್ದವು. ತಿಳಿ ಬಣ್ಣ, ಕಡು ಬಣ್ಣ ಬೆರೆಸಿ, ಸಾಲುಸಾಲಾಗಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ತಾನು ನೋಡುತ್ತಿರುವುದು ಏನು ಎಂದೇ ಮೊದಲು ಹೊಳೆಯಲಿಲ್ಲ. ಹತ್ತಿರ ಹೋಗಿ ಒಂದು ಬಿಲ್ಲೆಯ ಮೇಲೆ ಬೆರಳಾಡಿಸಿದಳು. ತೂತು ಇರಬೇಕಾದಲ್ಲಿ ನುಣುಪಾಗಿತ್ತು. ತೂತು ಕಂಡರೆ ಅಸಹ್ಯವೆಂದು ಒಂದೊಂದನ್ನೂ ಬಿಳಿ ಸಿಮೆಂಟಿನಿಂದ ತುಂಬಿಸಿದ್ದಾಗಿ ಗುಮಾಸ್ತರು ಹಿಂದಿನಿಂದ ವಿವರಿಸುತ್ತಿದ್ದರು. ನಾಲ್ಕು ದಿನ ಗಾರೆಯವನ ಪಕ್ಕದಲ್ಲೇ ನಿಂತು ಬಣ್ಣ ಜೋಡಿಸಿದ್ದು ತಾವೇ ಎಂದರು. ಹೆಂಡತಿಗೆ ಗೊತ್ತಾಗದ ಹಾಗೆ ಮಾಡಬೇಕೆಂದು ಎಷ್ಟು ಒದ್ದಾಡಿದೆ ಎಂದು ನಕ್ಕರು.

“ನೋಡಿ, ಅತ್ತಿಗೆಗೆ ಖುಷಿಗೆ ಮಾತೇ ಬರ್ತಿಲ್ಲ,” ಎಂದಳು ನಾದಿನಿ.

ಕೆಂಡಮ್ಮ ಯಾರೋ ಕೊಟ್ಟ ಚಹಾ ಕುಡಿದಳು. ಬಂದವರನ್ನೆಲ್ಲ ಬಾಗಿಲವರೆಗೆ ಕಳಿಸಿದಳು. ಕದ ಹಾಕಿದಳು. ಆಮೇಲೆ ಮಾತು ಬಂತು.

ಆ ಮಾತುಗಳನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಗುಮಾಸ್ತರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನೋವಾಯಿತು, ಆಮೇಲೆ ಅವರಿಗೂ ರೇಗಿತು. ಹದಿನಾಲ್ಕು ವರ್ಷದಿಂದ ಕತ್ತಲೆ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಚೂರುಗಳು, ಅವಳ ಕಲೆಯನ್ನು ನಾಲ್ಕು ಜನ ನೋಡಲಿ ಎಂದು ಮಾಡಿದೆ, ಇದಕ್ಕೆ ಈ ಮರ್ಯಾದೆಯೇ ಎಂದರು. ನಂಬರು ಹೋದರೆ ಏನಂತೆ, ಪುಸ್ತಕ ಇದೆಯಲ್ಲ ಎಂದರು. ಅವಳು ಪುಸ್ತಕ ತಂದು ಅವರ ಮುಂದೆ ಹಿಡಿದು ಓದಿದಳು. ಇನ್ನೂರ ಎಂಟು: ಮಾವಿನ ಬೂದಿ ನಾಲ್ಕು ಚಮಚ, ಸುಣ್ಣ ಒಂದೂವರೆ, ಗಾಜಿನ ಪುಡಿ ಮೂರು, ತುಕ್ಕು ಕಾಲು.

“ಈ ಇನ್ನೂರ ಎಂಟು ಈ ಗೋಡೆ ಮೇಲೆ ಯಾವುದು? ಬೆರಳಿಟ್ಟು ತೋರಿಸಿ.”

ಗುಮಾಸ್ತರು ಗೋಡೆಯನ್ನು ನೋಡಿದರು. ಪುಸ್ತಕವನ್ನು ನೋಡಿದರು. ಫೋನು ತೆಗೆದು, ಗಾರೆ ಕೆಲಸ ನಡೆಯುವಾಗ ತೆಗೆದ ನಲವತ್ತು ಫೋಟೊಗಳನ್ನು ಒಂದೊಂದಾಗಿ ಸರಿಸಿದರು. ಎಲ್ಲವೂ ಮುಂಬದಿಯವು. ಫೋನನ್ನು ಜೇಬಿಗಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಮರುದಿನದ ಹೊತ್ತಿಗೆ ಬೀದಿ ಪೂರ್ತಿ ಗುಮಾಸ್ತರ ಕಡೆಗಿತ್ತು. ಪಾಪ, ಅಷ್ಟು ಪ್ರೀತಿಯಿಂದ ಮಾಡಿದ್ದಾರೆ. ಪಾಪ, ಊಟ ಕೂಡ ಸರಿಯಾಗಿ ಮಾಡಿಲ್ಲವಂತೆ. ನಾದಿನಿ ಫೋನು ಮಾಡಿ ಅದನ್ನೇ ಹೇಳಿದಳು. ಆ ಪಾಪ ಎಂಬ ಪದ ಕೇಳಿದಾಗಲೆಲ್ಲ ಕೆಂಡಮ್ಮನ ಮೈಯೆಲ್ಲ ಉರಿಯುತ್ತಿತ್ತು. ಯಾರೋ ನಿಮ್ಮ ಮನೆಗೆ ನುಗ್ಗಿ ಕದ್ದರೆ ನಾಲ್ಕು ಜನ ನಿಮ್ಮ ಪರವಾಗಿ ನಿಲ್ಲುತ್ತಾರೆ. ನಿಮ್ಮದನ್ನು ನಿಮಗೇ ಉಡುಗೊರೆ ಮಾಡಿ ಹಾಳುಮಾಡಿದವನನ್ನು ಬೈದರೆ ನೀವೇ ಕೆಟ್ಟವರು. ಮಣ್ಣು ಹದ ಮಾಡಲು ಬರುತ್ತಿದ್ದ ಹೆಂಗಸೊಬ್ಬಳೇ ಗೋಡೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಸರಿಯಾದ ಮಾತು ಹೇಳಿದಳು.

“ನೋಡೋಕೇನೋ ಚೆನ್ನಾಗೇ ಇದೆ ಅಕ್ಕ. ಆದ್ರೆ ಉಗುರು ಕಿತ್ತು ಹಾರ ಮಾಡಿ ಹಾಕ್ದಂಗಿದೆ.”

ಬಟ್ಟಲುಗಳು ಹಿತ್ತಲ ಕೋಣೆಯಲ್ಲಿ ಕಾದಿದ್ದವು. ಹದಿನೈದು ದಿನದಲ್ಲಿ ಐದು ಆಗಲೇ ಹೋಗಿತ್ತು. ಅವಳು ನೆನಪಿನ ಮೇಲೆ ಮೆರುಗು ಬೆರೆಸಲು ಕೂತಳು. ಪುಸ್ತಕದ ಪುಟಗಳನ್ನು ತಿರುವಿ ತಿರುವಿ, ಇದಿರಬಹುದು ಅದಿರಬಹುದು ಎಂದು ನಾಲ್ಕನ್ನು ಆರಿಸಿ ಹೊಸ ಬಿಲ್ಲೆಗಳಿಗೆ ಹಚ್ಚಿ ಸುಟ್ಟಳು. ಒಂದು ಕೆಸರಾಯಿತು. ಒಂದು ಸಾಬೂನಿನ ನೊರೆಯ ಹಾಗೆ ಗುಳ್ಳೆಯೆದ್ದಿತು. ಇನ್ನೆರಡು ಪರವಾಗಿಲ್ಲ ಎನ್ನುವ ಹಾಗಿದ್ದವು, ಮತ್ತು ಪರವಾಗಿಲ್ಲ ಎನ್ನುವ ಬಣ್ಣವನ್ನು ಕಂಡರೆ ಅವಳಿಗೆ ಕೆಸರಿಗಿಂತ ಹೆಚ್ಚು ಸಿಟ್ಟು. ಮುಂದಿನ ಕೋಣೆಗೆ ಹೋದರೆ ಗೋಡೆಯ ಮೇಲೆ, ಮೂರನೆಯ ಸಾಲಿನಲ್ಲಿ, ಅವಳ ಅಕ್ಕಿ ತೊಳೆದ ನೀರಿನ ಬಿಲ್ಲೆ ಟ್ಯೂಬ್‌ಲೈಟಿನ ಕೆಳಗೆ ಸುಮ್ಮನೆ ಹೊಳೆಯುತ್ತಿತ್ತು. ಕಣ್ಣೆದುರಿಗಿದೆ, ಕೈಗೆ ಸಿಗುತ್ತಿಲ್ಲ. ಇನ್ನು ಆರು ದಿನ ಉಳಿದಿತ್ತು.

ಅವತ್ತು ಗಾರೆಯವನು ಬಿಟ್ಟುಹೋದ ಬಕೆಟ್ಟು ತೆಗೆದುಕೊಂಡು ಹೋಗಲು ಬಂದ. ತನ್ನ ಕೆಲಸವನ್ನು ತಾನೇ ಮೆಚ್ಚಿಕೊಳ್ಳುತ್ತ ಗೋಡೆಗೆ ಎರಡು ಸಲ ಕೈಯಿಂದ ಬಡಿದು, ಇದು ನೂರು ವರ್ಷ ಅಲ್ಲಾಡುವುದಿಲ್ಲ ಎಂದು ಭರವಸೆ ಕೊಟ್ಟ. ಎಬ್ಬಿಸಲು ಹೋದರೆ ಬಿಲ್ಲೆ ಚೂರಾಗುತ್ತದೆಯೇ ಹೊರತು ಸಿಮೆಂಟು ಬಿಡುವುದಿಲ್ಲ ಎಂದ. ಆಮೇಲೆ ಬಕೆಟ್ಟು ಎತ್ತಿಕೊಳ್ಳುತ್ತ, ಸುಮ್ಮನೆ ಮಾತಿಗೆಂದು, ಇನ್ನೊಂದು ಹೇಳಿದ.

“ಹಿಂದೆಲ್ಲ ಏನೋ ನಂಬರು ಕೆತ್ತಿತ್ತಲ್ಲಮ್ಮ. ನಾನು ಯಜಮಾನ್ರನ್ನ ಕೇಳ್ದೆ, ಇದೇನಾದ್ರೂ ಬೇಕಾಗುತ್ತಾ ಅಂತ. ಏನಿಲ್ಲ, ಅವಳು ಸುಮ್ನೆ ಗೀಚಿರ್ತಾಳೆ, ಹಚ್ಚಪ್ಪ ಅಂದ್ರು.”

ಅವನು ಹೋದ. ಗುಮಾಸ್ತರು ಬಾಗಿಲಲ್ಲೇ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಷ್ಟು ದಿನ ಅವಳು ಕೂಗಾಡಿದ್ದಳು. ಈಗ ದನಿ ಏರಿಸಲಿಲ್ಲ. ದನಿ ಏರಿಸದ ಕೆಂಡಮ್ಮನನ್ನು ಗುಮಾಸ್ತರು ಹಿಂದೆಂದೂ ನೋಡಿರಲಿಲ್ಲ.

“ಮೂವತ್ತಮೂರು ವರ್ಷ ನೀವು ಫೈಲಿಗೆ ನಂಬರು ಹಾಕಿದ್ರಿ,” ಎಂದಳು. “ಒಂದು ಕಾಗದ ನಂಬರಿಲ್ದೆ ಆ ಟೇಬಲ್ಲಿಂದ ಈ ಟೇಬಲ್ಲಿಗೆ ಹೋದ್ರೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ ನಿಮ್ಗೆ. ನಂಬರು ಕಂಡಿದೆ. ಕೆಲಸದವನು ಕೂಡ ಕೇಳಿದಾನೆ. ನಂಬರು ಅಂದ್ರೇನು ಅಂತ ಗೊತ್ತಿಲ್ದೆ ಮಾಡಿದ್ದಲ್ಲ ಇದು. ನನ್ನ ನಂಬರು ನಂಬರೇ ಅಲ್ಲ ಅಂತ ಮಾಡಿದ್ದು.”

ಅವಳು ಹೇಳಿದ್ದು ಅಕ್ಷರಶಃ ನಿಜ ಎಂದು ಗುಮಾಸ್ತರಿಗೆ ಗೊತ್ತಿತ್ತು, ಅದು ಅವರ ಮುಖದಲ್ಲಿ ಕಂಡಿತು, ಕಂಡಿದ್ದಕ್ಕೆ ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಉಳಿ, ಸುತ್ತಿಗೆ ಹಿಡಿದು ಮುಂದಿನ ಕೋಣೆಗೆ ಬಂದಳು. ಕೆಳಗಿನ ಸಾಲಿನ ಮೂಲೆಯಲ್ಲಿ ಅವಳಿಗೆ ಯಾವತ್ತೂ ಇಷ್ಟವಾಗದ ಒಂದು ಕಪ್ಪು ಬಿಲ್ಲೆಯಿತ್ತು. ಗಾರೆಯವನ ಮಾತು ಎಷ್ಟು ನಿಜವೆಂದು ಅದರ ಮೇಲೆ ನೋಡೋಣವೆಂದು ಅಂಚಿಗೆ ಉಳಿಯಿಟ್ಟು ಮೆಲ್ಲಗೆ ತಟ್ಟಿದಳು, ಇನ್ನೂ ಸ್ವಲ್ಪ ತಟ್ಟಿದಳು. ಬಿಲ್ಲೆ ಚಟ್ ಎಂದು ಏಳು ಚೂರಾಗಿ ನೆಲಕ್ಕೆ ಬಿತ್ತು. ಸದ್ದು ಕೇಳಿ ಗುಮಾಸ್ತರು ಓಡಿಬಂದರು. ಹಿತ್ತಲಿಂದ ಮಣ್ಣಿನ ಕೈಯಲ್ಲೇ ಹದ ಮಾಡುವ ಹೆಂಗಸೂ ಬಂದಳು.

ಚೂರುಗಳ ಬೆನ್ನಿನ ಗೀರುಗಳಲ್ಲಿ ಏನೂ ಓದುವ ಹಾಗಿರಲಿಲ್ಲ, ಎಲ್ಲ ಪುಡಿ. ಆದರೆ ಗೋಡೆಯ ಮೇಲೆ, ಬಿಲ್ಲೆ ಇದ್ದ ಜಾಗದಲ್ಲಿ, ಸಿಮೆಂಟಿನ ಮೇಲೆ ಏನೋ ಉಬ್ಬಿಕೊಂಡಿತ್ತು. ಅವಳು ಹತ್ತಿರ ಬಗ್ಗಿದಳು. ಸೊಟ್ಟ ಗೆರೆಗಳು, ಯಾವ ಭಾಷೆಯೂ ಅಲ್ಲದ ಅಕ್ಷರದ ಹಾಗೆ. ಮೊಳೆಯಿಂದ ಆಳವಾಗಿ ಗೀರಿದ ಗೀರಿನೊಳಕ್ಕೆ ಹಸಿ ಸಿಮೆಂಟು ನುಗ್ಗಿ ನಂಬರಿನ ಉಲ್ಟಾ ಅಚ್ಚು ಹಿಡಿದಿತ್ತು.

“ನಾನೂರ ಹದಿನೇಳು,” ಎಂದರು ಗುಮಾಸ್ತರು.

ಅವಳು ತಿರುಗಿ ನೋಡಿದಳು. ಅವರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಕನ್ನಡಿ ಬೇಕಿರಲಿಲ್ಲ, ಹತ್ತಿರ ಬರುವುದೂ ಬೇಕಿರಲಿಲ್ಲ. ರಬ್ಬರು ಮೊಹರಿನ ಮುಖವನ್ನು ಮೂವತ್ತಮೂರು ವರ್ಷ ಓದಿದ ಕಣ್ಣಿಗೆ ಉಲ್ಟಾ ಅಂಕಿ ನೆಟ್ಟಗಿನದಕ್ಕಿಂತ ಸಲೀಸು. ಅವಳು ಪುಸ್ತಕ ತೆರೆದಳು. ನಾನೂರ ಹದಿನೇಳು: ತುಕ್ಕು ಮೂರು ಚಮಚ. ಹೌದು, ಕಪ್ಪು ಬರಲೇಬೇಕು.

ಹಾಗಾದರೆ ದಾರಿಯಿತ್ತು, ಆದರೆ ಎಂಥ ದಾರಿ. ನಂಬರು ಬೇಕೆಂದರೆ ಬಿಲ್ಲೆಯನ್ನು ಒಡೆಯಬೇಕು. ಆ ಬಣ್ಣದ ಬಿಲ್ಲೆ ಇಡೀ ಜಗತ್ತಿನಲ್ಲಿ ಇದ್ದದ್ದು ಅದೊಂದೇ. ಅಲ್ಲಿ ಗಾರೆಯವನು ಸಿಮೆಂಟನ್ನು ಅರೆಬರೆ ಮೆತ್ತಿದ್ದರೆ ಅಚ್ಚು ಮೂಡಿರುವುದಿಲ್ಲ, ಆಗ ಬಿಲ್ಲೆಯೂ ಹೋಯಿತು, ನಂಬರೂ ಹೋಯಿತು. ಗುಮಾಸ್ತರು ಹೆದರುತ್ತ ಹೆದರುತ್ತ, ಅಂಗಡಿಯಮ್ಮ ನಾಳಿದ್ದು ಗೋಡೆ ನೋಡಲು ಬರುವವರಿದ್ದಾರೆ, ಅಲ್ಲಿಯವರೆಗೆ ತಡೆಯಬಹುದಲ್ಲ ಎಂದರು. ಆ ಹೊತ್ತಿನಲ್ಲಿ ಆ ಮಾತು ಆಡಬಹುದು ಎಂದು ಅವರಿಗೆ ಹೇಗೆ ಅನ್ನಿಸಿತೋ. ಅವಳು ಸ್ಟೂಲು ಎಳೆದು ಹತ್ತಿ, ಮೂರನೆಯ ಸಾಲಿನ ಆ ಬಿಲ್ಲೆಯನ್ನು ಒಂದು ಸಲ ಪೂರ್ತಿ ನೋಡಿಕೊಂಡು, ಉಳಿಯಿಟ್ಟು ಹೊಡೆದಳು. ಮೆಲ್ಲಗಲ್ಲ.

ಧೂಳು ಇಳಿಯಿತು. ಮಧ್ಯದ ಅಂಕಿಯ ಅರ್ಧ ಮುಕ್ಕಾಗಿತ್ತು. ಗುಮಾಸ್ತರು ಕನ್ನಡಕ ಏರಿಸಿ, ಈ ಸಲ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ತುಂಬ ಹೊತ್ತು ನೋಡಿದರು. ಎರಡು, ಆಮೇಲೆ ಆರೋ ಎಂಟೋ, ಆಮೇಲೆ ಒಂಬತ್ತು. ಅವಳು ಎರಡೂ ಪುಟ ತೆಗೆದಳು. ಇನ್ನೂರ ಎಂಬತ್ತೊಂಬತ್ತರಲ್ಲಿ ತಾಮ್ರವಿತ್ತು. ಅದು ಎಂದೂ ಆ ಬಣ್ಣ ಕೊಡದು. ಇನ್ನೂರ ಅರವತ್ತೊಂಬತ್ತರಲ್ಲಿ ಹುಣಸೆಯ ಬೂದಿ ಮತ್ತು ಹಿರಿಯಕ್ಕನ ಮನೆಯ ಹಳೆಯ ಕಬ್ಬಿಣದ ಬಾಣಲೆಯಿಂದ ಕೆರೆದ ತುಕ್ಕು ಎಂದು ಬರೆದಿತ್ತು. ಅವಳಿಗೆ ಆ ಬಾಣಲೆ ನೆನಪಾಯಿತು, ಅದನ್ನು ಕೆರೆದ ಮಧ್ಯಾಹ್ನವೂ ನೆನಪಾಯಿತು. ಬಾಣಲೆ ಇನ್ನೂ ಹಿತ್ತಲಲ್ಲೇ ಬೋರಲಾಗಿ ಬಿದ್ದಿತ್ತು.

ಹನ್ನೆರಡನೆಯ ದಿನ ಗೂಡು ಹೊತ್ತಿತು. ಹದಿನಾಲ್ಕನೆಯ ದಿನ ತೆರೆಯಿತು. ಎರಡು ಬಟ್ಟಲು ಸೀಳಿದ್ದವು, ಒಂದರ ಮೆರುಗು ಹರಿದು ತಳಕ್ಕೆ ಅಂಟಿತ್ತು. ಉಳಿದ ಇಪ್ಪತ್ತೆಂಟು ಬಟ್ಟಲುಗಳ ಮೇಲೆ ಅಕ್ಕಿ ತೊಳೆದ ನೀರು ನಿಂತಿತ್ತು, ಒತ್ತಿದ ಗುಳಿಯಲ್ಲಿ ತುಕ್ಕಿನ ಚುಕ್ಕೆಗಳು ಒಟ್ಟಾಗಿ ಸೇರಿದ್ದವು, ಅಂಚಿನಲ್ಲಿ ಹಸಿರು. ಅವಳು ಒಂದನ್ನು ಮಡಿಲಲ್ಲಿಟ್ಟುಕೊಂಡು ಗೂಡಿನ ಪಕ್ಕದಲ್ಲಿ ಕೂತಳು. ಅದು ಇನ್ನೂ ಬೆಚ್ಚಗಿತ್ತು.

ಗುಮಾಸ್ತರಿಗೆ ಹೋದ ಜೀವ ಬಂದ ಹಾಗಾಯಿತು. ಬಂತಲ್ಲ ಬಣ್ಣ, ಇನ್ನಾದರೂ ಸಿಟ್ಟು ಇಳಿಯಿತೇ ಎಂದು ಕೇಳಿದರು. ಗೋಡೆಯ ಎರಡು ಕಿಂಡಿಗಳಿಗೆ ನೀಲಿ ಅಂಚಿನ ಲೋಟದ ಚೂರು ಹಾಕಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗಾರೆಯವನಿಗೆ ಹೇಳಿಕಳಿಸಲೇ ಎಂದರು. ಅವಳು ಬಟ್ಟಲಿನ ಗುಳಿಗೆ ಹೆಬ್ಬೆರಳು ಇಟ್ಟು ನೋಡುತ್ತಿದ್ದಳು. ಮೌನವೇ ಒಪ್ಪಿಗೆ ಎಂದುಕೊಂಡು ಅವರು ಹೇಳಿಯೂ ಕಳಿಸಿದರು.

ಸೋಮವಾರ ಬೆಳಿಗ್ಗೆ ಅವರು ಮುಂದಿನ ಕೋಣೆಗೆ ಬಂದಾಗ ಗೋಡೆಯ ಎದುರಿಗೆ ಒಂದು ಟೇಬಲ್ಲು ಹಾಕಿತ್ತು. ಅದರ ಮೇಲೆ ಗೆರೆ ಹಾಕಿದ ಹೊಸ ಪುಸ್ತಕ, ಅವರ ಪೆನ್ನು, ಅವರ ಕನ್ನಡಕ, ನಿವೃತ್ತಿಯ ದಿನ ಕಚೇರಿಯಿಂದ ತಂದಿದ್ದ ಕಂದು ಕವರುಗಳ ಕಟ್ಟು. ಕೆಂಡಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಗಾರೆಯವನನ್ನು ವಾಪಸು ಕಳಿಸಿಯಾಗಿತ್ತು.

ಕೆಲಸದ ಕ್ರಮ ಹೀಗೆ ಎಂದು ಹೇಳಿದಳು. ಮೊದಲು ಅವರು ಬಿಲ್ಲೆಯನ್ನು ನೋಡಬೇಕು, ಬಣ್ಣ ಹೇಗಿದೆಯೆಂದು ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಅವಳು ಒಡೆಯುತ್ತಾಳೆ. ಅವರು ಗೋಡೆಯ ಮೇಲಿನ ನಂಬರು ಓದಿ ಬಣ್ಣದ ಎದುರಿಗೆ ಬರೆಯಬೇಕು, ಒಂದು ಚೂರನ್ನು ಕವರಿಗೆ ಹಾಕಿ ಕವರಿನ ಮೇಲೂ ಬರೆಯಬೇಕು. ಚೂರು ಇರುವಾಗ ಬಣ್ಣವನ್ನೂ ಯಾಕೆ ಬರೆಯುವುದು ಎಂದು ಗುಮಾಸ್ತರು ಕೇಳಿದರು.

“ಚೂರನ್ನ ಯಾರಾದ್ರೂ ಪ್ರೀತಿಯಿಂದ ಗೋಡೆಗೆ ಅಂಟಿಸಿಬಿಡ್ತಾರೆ,” ಎಂದಳು. “ಬರೀರಿ.”

ಅವರು ಮೊದಲನೆಯದನ್ನು ನೋಡಿ ಕಂದು ಎಂದು ಬರೆದರು. ಯಾವ ಕಂದು ಎಂದಳು. ತಿಳಿ ಕಂದು ಎಂದರು. ಯಾವ ತಿಳಿ ಕಂದು ಎಂದಳು. ಗುಮಾಸ್ತರು ಪೆನ್ನು ಕೆಳಗಿಟ್ಟು ಎದ್ದು ಬಂದು, ಆ ಬಿಲ್ಲೆಯ ಮುಂದೆ ನಿಂತರು. ಒಂದು ನಿಮಿಷ, ಎರಡು ನಿಮಿಷ. ಸವೆದ ಚಪ್ಪಲಿಯ ಒಳ ಅಟ್ಟೆಯ ಬಣ್ಣ, ಹಿಮ್ಮಡಿ ಊರುವ ಕಡೆಯದು ಎಂದರು. ಅವಳು ಉಳಿಯನ್ನು ಹಿಡಿದುಕೊಂಡೇ ಬಿಲ್ಲೆಯನ್ನು ನೋಡಿದಳು. ಹೌದು, ಅದೇ. ಹೊಡೆದಳು. ಮುಂದಿನದು ಒಣಗಿದ ಅರಗಿನ ಮುದ್ರೆ. ಅದರಾಚೆಯದು ಹತ್ತು ಸಲ ಬಳಸಿದ ಕಾರ್ಬನ್ ಕಾಗದದ ಹಿಂಬದಿ. ಇನ್ನೊಂದು, ಮಳೆ ನಿಂತ ಅರ್ಧ ಗಂಟೆಯ ಮೇಲೆ ಸಿಮೆಂಟು ರಸ್ತೆ. ಹೇಳುತ್ತ ಹೇಳುತ್ತ ಅವರ ದನಿಯಲ್ಲಿ ಒಂದು ಉತ್ಸಾಹ ಸೇರಿತು. ಅವಳಿಗೆ ಸಿಟ್ಟು ಇಳಿಯುವುದರ ಬದಲು ಏರಿತು. ಇಷ್ಟು ನೋಡಲು ಬರುವ ಮನುಷ್ಯ ಮೂರು ವರ್ಷ ಲೋಟಕ್ಕೆ ಅಳತೆಕೋಲು ಹಿಡಿದುಕೊಂಡು ಏನನ್ನು ನೋಡುತ್ತಿದ್ದ?

ಮಧ್ಯಾಹ್ನದ ಹೊತ್ತಿಗೆ ಮೇಲಿನ ಸಾಲು ಮುಗಿದಿತ್ತು. ನೆಲದ ತುಂಬ ಚೂರು, ಗೋಡೆಯ ತುಂಬ ಉಲ್ಟಾ ಅಂಕಿಗಳು. ಎರಡನೆಯ ಸಾಲಿನಲ್ಲಿ ಒಂದು ಬಿಲ್ಲೆಯ ಮುಂದೆ ಗುಮಾಸ್ತರು ನಿಂತೇಬಿಟ್ಟರು. ಬಿಳಿಯಂತೆ ಕಾಣುತ್ತದೆ, ಓರೆಯಾಗಿ ನೋಡಿದರೆ ಒಳಗೆಲ್ಲೋ ಗುಲಾಬಿ. ಪೆನ್ನು ಹಿಡಿದ ಕೈ ಮೇಲೇಳಲಿಲ್ಲ. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು, ಹಿಂದೆ ಸರಿದು ನೋಡಿದರು.

“ಇದಕ್ಕೆ ಮಾತು ಸಿಗ್ತಿಲ್ಲ,” ಎಂದರು. “ಇದೊಂದನ್ನ ಉಳಿಸಿಬಿಡೋಣ. ಒಡೀಬೇಡ ಇದನ್ನ. ತುಂಬಾ ಚೆನ್ನಾಗಿದೆ.”

ಅವಳು ಸ್ಟೂಲಿನ ಮೇಲಿಂದ ಅವರನ್ನು ನೋಡಿದಳು. ಆ ಬಿಲ್ಲೆಯನ್ನು ಗೂಡಿನಿಂದ ತೆಗೆದ ಬೆಳಿಗ್ಗೆ ಅವಳು ಅದನ್ನು ಅವರಿಗೆ ತೋರಿಸಲೆಂದು ಹಿತ್ತಲಿಂದ ಓಡಿಬಂದಿದ್ದಳು. ಅವರು ಪೇಪರಿನಿಂದ ತಲೆಯೆತ್ತದೆ ಹ್ಞೂ ಅಂದಿದ್ದರು.

“ಚೆನ್ನಾಗಿದೆ ಅಂತ ನಂಗೆ ಆವತ್ತೇ ಗೊತ್ತಿತ್ತು,” ಎಂದು ಬಿಲ್ಲೆಯ ಅಂಚಿಗೆ ಉಳಿಯಿಟ್ಟಳು. “ಬರೀರಿ.”

ಅವರು ಕೂತು ಬರೆಯತೊಡಗಿದರು. ಅವಳು ಸುತ್ತಿಗೆ ಎತ್ತಿದಳು. ಇನ್ನೂ ಐನೂರ ಎಪ್ಪತ್ತು ಬಾಕಿಯಿದ್ದವು.